ಮಗುವಿನ ಬೆರಳಚ್ಚಿಗೆ ಬಹುಮಾನವೇಕೆ?

ಡಿಸೆಂಬರ್ ಬಂತೆಂದರೆ ನಮ್ಮ ಕಾಸರಗೋಡಿನ ಕಡೆ ಅಡಿಕೆ ಕೊಯ್ಲಿನ ಗಡಿಬಿಡಿಯೂ ಕ್ರಿಸ್ಮಸಿನ ಗಡಿಬಿಡಿಯೂ ಒಟ್ಟಿಗೇ ಬರುತ್ತವೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಜಗಲಿಯ ಮೂಲೆಯಲ್ಲಿ ಗೋದಲಿಗೆಂದು ತಟ್ಟೆಯಲ್ಲಿ ಬಿತ್ತಿದ ರಾಗಿ ಮೊಳೆಯುತ್ತಿರುತ್ತದೆ. ಅಡುಗೆಮನೆಯಲ್ಲಿ ಕುಸ್ವಾರಿಗೆ ಎಣ್ಣೆ ಕಾಯುತ್ತಿರುತ್ತದೆ. ಈ ಸಂಭ್ರಮದ ನಡುವೆ ಪುಟ್ಟ ಮಕ್ಕಳಿಗೆ ನಾವು ಹಿರಿಯರು ಹೇಳುವ ಮಾತು "ಆಚೆ ಹೋಗಿ ಆಡು" ಎಂಬುದೊಂದೇ. ನಕ್ಷತ್ರ, ಗಂಟೆ, ಮಿನುಗುವ ಸರ ಎಲ್ಲವೂ ಪೇಟೆಯಿಂದ ಬರುತ್ತವೆ. ಜನವರಿಯಲ್ಲಿ ಅರ್ಧಕ್ಕರ್ಧ ಗೊಬ್ಬರದ ಗುಂಡಿ ಸೇರುತ್ತವೆ, ಅಲ್ಲಿ ಕೊಳೆಯುವುದೂ ಇಲ್ಲ. ಕೃಷಿ ಮತ್ತು ಆರೋಗ್ಯದ ಅಂಕಣದಲ್ಲಿ ಇದೇನು ಕ್ರಿಸ್ಮಸ್ ಅಲಂಕಾರದ ಮಾತು ಎಂದು ಓದುಗರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಎರಡು ವರ್ಷಗಳ ಹಿಂದೆ ನಾವೊಂದು ತಪ್ಪು ಮಾಡಿದೆವು. ಏಳು ವರ್ಷದೊಳಗಿನ ಮಕ್ಕಳಿಗೆ ಕ್ರಿಸ್ಮಸ್ ಮರದ ಅಲಂಕಾರ ವಸ್ತು ತಯಾರಿಸುವ ಸ್ಪರ್ಧೆ ಇಟ್ಟೆವು. ಮೇಜಿನ ಮೇಲೆ ಬಂದು ಕೂತವು ಕೈವಾರ ಹಿಡಿದು ಅಳೆದು ಕೊರೆದ ಥರ್ಮೋಕೋಲ್ ನಕ್ಷತ್ರಗಳು, ಹೊಳಪಿನ ಪುಡಿ ಮೆತ್ತಿದ ಗಂಟೆಗಳು. ಎಲ್ಲಕ್ಕಿಂತ ಚೆಂದದ್ದನ್ನು ತಂದ ಐದು ವರ್ಷದ ಹುಡುಗಿಯನ್ನು "ಇದನ್ನು ಹೇಗೆ ಮಾಡಿದೆ ಮಗಾ?" ಎಂದು ಕೇಳಿದೆವು. "ಅಮ್ಮ ಮುಟ್ಟಲಿಕ್ಕೇ ಬಿಡಲಿಲ್ಲ ಫಾದರ್" ಎಂದಳು. ಹಾಗಿದ್ದೂ ಪ್ರಥಮ ಬಹುಮಾನ ಅದಕ್ಕೇ ಹೋಯಿತು, ಕೊಟ್ಟವರು ನಾವೇ. ಮೇಜಿನ ತುದಿಯಲ್ಲಿ ಸೊಟ್ಟಗಿನ ಒಂದು ಮಣ್ಣಿನ ಬಿಲ್ಲೆ ಇತ್ತು. ಅದರಲ್ಲಿ ಪುಟ್ಟ ಅಂಗೈಯ ಗುರುತು, ಒಂದು ಬೆರಳು ಜಾರಿದ್ದು. ಅದಕ್ಕೆ ಸಮಾಧಾನಕರ ಬಹುಮಾನವೂ ಇಲ್ಲ. ಆ ಮಗುವಿನ ಅಜ್ಜಿ ಏನೂ ಹೇಳದೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಕಳೆದ ವರ್ಷ ಕ್ರಿಸ್ಮಸಿನ ವಾರ ಗೇರು ಗುಡ್ಡದ ಬದಿಯ ಒಂದು ಮನೆಗೆ ಹೋಗಿದ್ದೆವು. ಗಾಳಿಮರದ ಕೊಂಬೆಯೊಂದನ್ನು ಡಬ್ಬದಲ್ಲಿ ನಿಲ್ಲಿಸಿದ್ದರು. ಅದಕ್ಕೆ ಕಟ್ಟಿದ್ದು ಒಂದೇ ವಸ್ತು, ಅಡಿಕೆ ಹಾಳೆಯನ್ನು ಕತ್ತರಿಸಿ ಮಾಡಿದ ನಕ್ಷತ್ರ. ಅದರ ಮೇಲೆ ಕೆಮ್ಮಣ್ಣಿನಲ್ಲಿ ಅದ್ದಿ ಒತ್ತಿದ ಎಳೆಯ ಬೆರಳುಗಳ ಗುರುತು, ಹಿಂದೆ ಇದ್ದಿಲಿನಲ್ಲಿ 2009 ಎಂಬ ಬರಹ. ಆ ಹುಡುಗ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿದ್ದವನು, ಬೆರಳುಗಳು ನೆಟ್ಟಗಿರಲಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೂ ಹೆಲಿಕಾಪ್ಟರಿನಿಂದ ಆ ವಿಷ ಎರಚಿದ್ದನ್ನೂ, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ತಡೆದದ್ದನ್ನೂ ಇಲ್ಲಿಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ತಾಯಿ ಹೇಳಿದ ಮಾತು ಮಾತ್ರ ನಮ್ಮನ್ನು ಬಿಟ್ಟು ಹೋಗಿಲ್ಲ: "ಫೋಟೋದಲ್ಲಿ ಅವನ ಮುಖ ಉಂಟು ಫಾದರ್, ಕೈ ಇಲ್ಲ. ಕೈ ಇದರಲ್ಲಿ ಉಂಟು."

ಅಂದಿನಿಂದ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಮಕ್ಕಳ ಕೈಯಲ್ಲಿ ಮಾಡಿಸುವ ಅಲಂಕಾರ ವಸ್ತು ಚೆಂದ ಕಾಣಬೇಕಾದ ಅಗತ್ಯವೇ ಇಲ್ಲ. ಅದರಲ್ಲಿ ಆ ಮಗುವಿನ ಕೈ ಇರಬೇಕು, ಹೆಸರು ಮತ್ತು ಇಸವಿ ಇರಬೇಕು, ಇಪ್ಪತ್ತು ಮಳೆಗಾಲ ಕಳೆದರೂ ಉಳಿಯಬೇಕು. "ಇಷ್ಟು ಚಿಕ್ಕವರಿಂದ ಏನಾದೀತು?" ಎನ್ನುವವರು ಒಂದು ಸಂಗತಿ ಕೇಳಬೇಕು: ಜರ್ಮನಿಯ ನೀಸ್ಕಿ ಎಂಬಲ್ಲಿ 1830ರ ದಶಕದಲ್ಲಿ ಮೊರಾವಿಯನ್ ಸಭೆಯ ಶಾಲೆಯ ಹುಡುಗರು ರೇಖಾಗಣಿತದ ಪಾಠವಾಗಿ ಕಾಗದದ ನಕ್ಷತ್ರ ಮಾಡಿದರು, ಇಂದು ಲೋಕದ ಎಷ್ಟೋ ಕಡೆ ಕ್ರಿಸ್ಮಸಿಗೆ ತೂಗುವ ಮೊರಾವಿಯನ್ ನಕ್ಷತ್ರ ಹುಟ್ಟಿದ್ದು ಹಾಗೆ.

ಉಳಿಯುವ ವಿಷಯಕ್ಕೆ ಬಂದರೆ, ಪೇಟೆಯ ಕೆಲವು ಮನೆಗಳಲ್ಲಿ ಈಗ ಉಪ್ಪು ಹಿಟ್ಟಿನ ಬಿಲ್ಲೆ ಮಾಡಿಸುತ್ತಾರೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು. ಕಲಸಿ, ಕೈ ಒತ್ತಿ, ಒಣಗಿಸುವುದು. ಚಳಿದೇಶಕ್ಕೆ ಇದು ಒಳ್ಳೆಯ ಉಪಾಯ. ನಮ್ಮ ಕರಾವಳಿಯಲ್ಲಿ ಉಪ್ಪು ಗಾಳಿಯ ತೇವ ಹೀರುತ್ತದೆ. ಜುಲೈ ತಿಂಗಳಲ್ಲಿ ಪೆಟ್ಟಿಗೆ ತೆರೆದರೆ ಬಿಲ್ಲೆ ಮೆತ್ತಗಾಗಿ ಬೂಸಲು ಹಿಡಿದಿರುತ್ತದೆ. ಎಳೆಯ ಮಗುವೋ ಮನೆಯ ನಾಯಿಯೋ ಅದನ್ನು ತಿಂದರೆ ಅಷ್ಟು ಉಪ್ಪು ಅಪಾಯಕ್ಕೂ ದಾರಿ. ಇನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಗುವಿನ ಕೈ ಇಡಿಸುವುದಂತೂ ಬೇಡವೇ ಬೇಡ. ಅದು ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಒಳಗೆ ಸಿಕ್ಕಿಕೊಂಡ ಕೈ ಸುಟ್ಟುಹೋಗಬಹುದು.

ನಮಗೆ ಗದ್ದೆಯ ಜೇಡಿಮಣ್ಣೇ ಸಾಕು. ಆದರೆ ಗದ್ದೆಯಿಂದ ತೆಗೆದ ಹಸಿ ಕೆಸರನ್ನು ನೇರವಾಗಿ ಮಕ್ಕಳ ಕೈಗೆ ಕೊಡಬಾರದು. ಇಲಿಯ ಮೂತ್ರ ಸೇರಿದ ಕೆಸರಿನಿಂದ ಇಲಿಜ್ವರ ಬರುವುದು ನಮ್ಮೂರಿಗೆ ಹೊಸತಲ್ಲ. ಕೈಯಲ್ಲಿ ಗಾಯವಿದ್ದರೆ ಇನ್ನೂ ಸುಲಭ. ಮಣ್ಣನ್ನು ಬಿಸಿಲಿನಲ್ಲಿ ಕೆಲವು ದಿನ ಚೆನ್ನಾಗಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಬಾವಿಯ ಶುದ್ಧ ನೀರಿನಲ್ಲಿ ಕಲಸಿರಿ. ಬಿರುಕು ಬಿಡದಂತೆ ಒಂದು ಹಿಡಿ ನಯವಾದ ಮರಳು ಸೇರಿಸಬಹುದು. ಅರ್ಧ ಅಂಗುಲ ದಪ್ಪಕ್ಕೆ ತಟ್ಟಿ ಮಗುವಿನ ಅಂಗೈಯನ್ನು ಒತ್ತಿಸಿ. ಮೇಲ್ಗಡೆ ತೆಂಗಿನ ಗರಿಯ ಕಡ್ಡಿಯಿಂದ ದಾರಕ್ಕೆ ತೂತು ಮಾಡಿ. ಒಣಗಿದ ಮೇಲೆ ತೂತು ಮಾಡಹೊರಟವರ ಬಿಲ್ಲೆ ಎರಡು ತುಂಡಾದದ್ದನ್ನು ನಾವು ಕಂಡಿದ್ದೇವೆ. ಬಿಸಿಲಿಗಿಡದೆ ನೆರಳಿನಲ್ಲಿ ಒಂದು ವಾರ ಒಣಗಲಿ. ಒಣಗುವಾಗ ಮಣ್ಣು ಕುಗ್ಗುವುದರಿಂದ ಅಂಗೈಯ ಗುರುತು ಮತ್ತಷ್ಟು ಚಿಕ್ಕದಾಗುತ್ತದೆ, ಅಳತೆ ತಪ್ಪಿತೆಂದು ಹೆದರಬೇಡಿ. ಹತ್ತಿರದ ಕುಂಬಾರರ ಆವಿಗೆಯಲ್ಲಿ ಮಡಕೆಗಳ ಜೊತೆ ಸುಡಿಸಿದರೆ ಮಳೆಗಾಲವನ್ನೂ ಹೆದರಬೇಕಾಗಿಲ್ಲ. ಸ್ವಲ್ಪ ಹಣ ಕೊಟ್ಟೇ ಸುಡಿಸಿ. ಅವರ ಕೆಲಸಕ್ಕೂ ಈಗ ಗಿರಾಕಿಗಳು ಕಡಿಮೆ.

ಮಣ್ಣು ಸಿಗದವರಿಗೆ ಹಾಳೆ ಉಂಟು. ಮಳೆಗಾಲದಲ್ಲಿ ಬಿದ್ದದ್ದು ಬೇಡ. ಕೊಳೆರೋಗಕ್ಕೆ ಬಿಟ್ಟ ಬೋರ್ಡೋ ದ್ರಾವಣ ಅದರಲ್ಲಿ ಇಳಿದಿರುತ್ತದೆ, ಬೂಸಲೂ ಬೇಗ ಹಿಡಿಯುತ್ತದೆ. ಮಳೆ ನಿಂತ ಮೇಲೆ ಬಿದ್ದ ಹಾಳೆಯನ್ನು ತೊಳೆದು, ಭಾರದ ಅಡಿಯಲ್ಲಿಟ್ಟು ಒಣಗಿಸಿ, ದೊಡ್ಡವರು ಕತ್ತರಿಸಿ ಕೊಡಲಿ. ಬಣ್ಣಕ್ಕೆ ಕೆಮ್ಮಣ್ಣೇ ಉತ್ತಮ. ಬಸಳೆ ಹಣ್ಣಿನ ರಸ ಮಕ್ಕಳಿಗೆ ಬಹಳ ಇಷ್ಟ, ಅಂಗಿಯೆಲ್ಲ ನೇರಳೆಯಾದೀತು. ಆದರೆ ಅದೂ ಅರಶಿನವೂ ಕಾಲಕ್ರಮದಲ್ಲಿ ಮಾಸುತ್ತವೆ. ಅರಶಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವ ಆಸೆ ಬೇಡ, ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಅಟ್ಟದಲ್ಲಿ ಉಳಿದ ಹಳೆಯ ಪೈಂಟಿನ ಡಬ್ಬವನ್ನೂ ಇಳಿಸಬೇಡಿ. ಪೈಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಡಬ್ಬದಲ್ಲಿ ಎಷ್ಟಿದೆಯೋ ಯಾರು ಬಲ್ಲರು?

ತೋಟದ್ದೆಲ್ಲ ನಿರಪಾಯ ಎಂಬ ಭ್ರಮೆಯೂ ನಮಗಿಲ್ಲ. ಗೋದಲಿಯ ಸುತ್ತ ಗುಲಗಂಜಿ ಅಂಟಿಸಿದ್ದನ್ನು ಕಳೆದ ವರ್ಷವೂ ಒಂದೆರಡು ಮನೆಗಳಲ್ಲಿ ಕಂಡೆವು. ಕೆಂಪು ಕಪ್ಪಿನ ಆ ಬೀಜ ನೋಡಲು ಮುದ್ದಾಗಿದ್ದರೂ ಅಗಿದು ನುಂಗಿದರೆ ಪ್ರಾಣಕ್ಕೆ ಎರವು. ಮಂಜಾಡಿ ಬೀಜ ಅಷ್ಟು ಘೋರವಲ್ಲವಾದರೂ ಮೂರು ವರ್ಷದೊಳಗಿನವರ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅಡಿಕೆಯೂ ಹಾಗೆಯೇ. ಹಸಿ ಗೇರುಬೀಜ ಪೋಣಿಸಲು ಹೋದರೆ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆಂದು ಅಜ್ಜಿಯಂದಿರಿಗೆ ಗೊತ್ತು. ಅಜ್ಜಿಯಂದಿರಿಗೆ ಗೊತ್ತಿಲ್ಲದ್ದು, ಹಾಡುವ ಗಂಟೆ, ಮಿನುಗುವ ಮೇಣದಬತ್ತಿಗಳೊಳಗಿನ ಗುಂಡಿಯಂಥ ಪುಟ್ಟ ಬ್ಯಾಟರಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಬೆಳಿಗ್ಗೆ ನೋಡೋಣ ಎನ್ನದೆ ಆ ಕ್ಷಣವೇ ಎಕ್ಸರೇ ಇರುವ ದೊಡ್ಡ ಆಸ್ಪತ್ರೆಗೆ ಧಾವಿಸಿರಿ.

ಈ ವರ್ಷ ಸ್ಪರ್ಧೆ ಇಲ್ಲ, ಬಹುಮಾನವೂ ಇಲ್ಲ. ಕೆಲವು ತಾಯಂದಿರಿಗೆ ಬೇಸರವಾಗಿದೆಯೆಂದು ಕೇಳಿದ್ದೇವೆ, ಆಗಲಿ. ಆಗಮನ ಕಾಲದ ಕೊನೆಯ ಆದಿತ್ಯವಾರ ಇಗರ್ಜಿಯ ಮುಖಮಂಟಪದಲ್ಲಿ ಗಾಳಿಮರದ ದೊಡ್ಡ ಕೊಂಬೆಯೊಂದನ್ನು ನಿಲ್ಲಿಸುತ್ತೇವೆ. ಪ್ರತಿ ಮಗುವೂ ತನ್ನ ಬಿಲ್ಲೆಯನ್ನೋ ಹಾಳೆಯನ್ನೋ ತಾನೇ ಕಟ್ಟಲಿ, ಕೆಳಗಿನ ರೆಂಬೆ ತುಂಬಿದರೆ ಅಪ್ಪ ಎತ್ತಿಕೊಳ್ಳಲಿ. ನಡೆಯಲಾರದ, ಕೈ ಚಾಚಲಾರದ ಮಕ್ಕಳ ಮನೆಗೆ ನಾವೇ ಕಲಸಿದ ಮಣ್ಣು ತರುತ್ತೇವೆ, ಮುಂಚಿತವಾಗಿ ತಿಳಿಸಿರಿ. ಹಿಂಬದಿಯಲ್ಲಿ ಹೆಸರು, ಇಸವಿ ಮರೆಯಬೇಡಿ. ಮೂರು ರಾಯರ ಹಬ್ಬ ಮುಗಿದ ಮೇಲೆ ಅವರವರದನ್ನು ಅವರವರು ಬಿಚ್ಚಿಕೊಂಡು ಮನೆಗೆ ಒಯ್ಯಬೇಕು. ದಾರ ನಾವು ತಂದಿಡುತ್ತೇವೆ.