ಹೊಸದನ್ನು ತರೋಣ, ಹಳೇ ಫೋನಿನವರನ್ನು ಬಿಡದೆ

ಒಂದು ದಿನ ನಾವು ಎಪಿಎಂಸಿ ದರಪಟ್ಟಿಯನ್ನು ಚಿತ್ರ ಮಾಡಿ ಹಾಕಿದ್ದೆವು. ಮಧ್ಯಾಹ್ನ ಓದುಗರೊಬ್ಬರು ಫೋನ್ ಮಾಡಿದರು: "ಏನ್ರೀ, ದರ ಇರೋ ಜಾಗ ಖಾಲಿ ಐತಲ್ಲ?" ಅವರ ಕೈಯಲ್ಲಿದ್ದುದು ಕೀಪ್ಯಾಡ್ ಇರುವ 4ಜಿ ಫೋನು. ನಮ್ಮ ಫೋನುಗಳಲ್ಲೆಲ್ಲ ಪಟ್ಟಿ ಚೆನ್ನಾಗಿಯೇ ಕಾಣುತ್ತಿತ್ತು. ತಪ್ಪು ಅವರ ಫೋನಿನದಲ್ಲ, ನಮ್ಮದು.

ನಾವು ಮಾಡಿದ್ದಿಷ್ಟೇ. ನಿಮ್ಮ ಡೇಟಾ ಉಳಿಯಲಿ ಅಂತ ಚಿತ್ರಗಳನ್ನು ಜೆಪಿಇಜಿ ಬಿಟ್ಟು ವೆಬ್‌ಪಿ ಎಂಬ ಮಾದರಿಗೆ ಬದಲಾಯಿಸಿದ್ದೆವು. ಗೂಗಲ್ 2010ರಲ್ಲಿ ತಂದ ಮಾದರಿ ಇದು. ಇದರಲ್ಲಿ ಚಿತ್ರದ ಗಾತ್ರ ಜೆಪಿಇಜಿಗಿಂತ ಶೇ. 25ರಿಂದ 34ರಷ್ಟು ಕಡಿಮೆ ಆಗುತ್ತದೆ ಅನ್ನುವುದು ಗೂಗಲ್‌ನದೇ ಲೆಕ್ಕ. ಆದರೆ ಎಲ್ಲ ಬ್ರೌಸರ್‌ಗಳೂ ಇದನ್ನು ಒಟ್ಟಿಗೆ ಒಪ್ಪಿಕೊಳ್ಳಲಿಲ್ಲ. ಫೈರ್‌ಫಾಕ್ಸ್‌ಗೆ ಬಂದಿದ್ದು 2019ರಲ್ಲಿ, ಆಪಲ್‌ನ ಸಫಾರಿಗೆ 2020ರಲ್ಲಿ. ಕೆಲವು ಕೀಪ್ಯಾಡ್ 4ಜಿ ಫೋನುಗಳಲ್ಲಿರುವ ಕಾಯ್‌ಓಎಸ್ 2.5 ನಡೆಯುವುದು 2016ರ ಫೈರ್‌ಫಾಕ್ಸ್ 48ರ ಎಂಜಿನ್ ಮೇಲೆ. ಅದಕ್ಕೆ ವೆಬ್‌ಪಿ ಗೊತ್ತಿಲ್ಲ.

ಹಾಗಾದರೆ ಎಲ್ಲ ಫೋನಿಗೂ ಬರುವ ತನಕ ಕಾಯಬೇಕೇ? ನಮ್ಮಲ್ಲೇ ಕೆಲವರು ಹಾಗೆ ಹೇಳಿದರು. ಆದರೆ ಕಾದರೂ ನಷ್ಟ ಇದೆ. ಸಿಗ್ನಲ್ ಒಂದೇ ಕಡ್ಡಿ ಇರುವ ಊರಿನಲ್ಲಿ ಭಾರದ ಫೋಟೊ ಇಳಿಯುವಷ್ಟರಲ್ಲಿ ಓದುವವರ ತಾಳ್ಮೆ ಮುಗಿದಿರುತ್ತದೆ.

ಇನ್ನು ಕೆಲವರು, "ನೂರಕ್ಕೆ ತೊಂಬತ್ತೈದು ಕಡೆ ಬಂದರೆ ಸಾಕು" ಅಂದರು. ಇದನ್ನೂ ನಾವು ಒಪ್ಪುವುದಿಲ್ಲ. ಇಂಥ ಲೆಕ್ಕ ಇಡೀ ಜಗತ್ತಿನದು. ಉಳಿದ ಐದು ಮಂದಿ ಎಲ್ಲಿದ್ದಾರೆ ಅಂತ ಅದು ಹೇಳುವುದಿಲ್ಲ. ಅವರು ನಮ್ಮ ಸಂತೆಬೀದಿಯಲ್ಲೇ ಇದ್ದರೆ?

ನಾವು ಈಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಹೊಸದು ನಡೆಯದ ಫೋನಿನಲ್ಲಿ ಓದುವವರಿಗೆ ಏನು ತಪ್ಪುತ್ತದೆ?

ಬರೀ ಅಂದ ತಪ್ಪಿದರೆ, ಅಂದರೆ ದುಂಡಗಿನ ಮೂಲೆ ಚೂಪಾಗಿ ಕಂಡರೆ, ಯಾರಿಗೂ ನಷ್ಟವಿಲ್ಲ. ಅಂಥದ್ದನ್ನು ಇವತ್ತೇ ಬಳಸಬಹುದು.

ಸುದ್ದಿಯೇ ತಪ್ಪುವುದಾದರೆ ಹಳೇ ದಾರಿಯನ್ನೂ ಜೊತೆಗೆ ಇಡಬೇಕು. ಎಚ್‌ಟಿಎಂಎಲ್‌ನಲ್ಲಿ ಪಿಕ್ಚರ್ ಎಂಬ ಟ್ಯಾಗ್ ಇರುವುದು ಇಂಥದ್ದಕ್ಕೇ. ಅದರೊಳಗೆ ಎರಡೂ ಮಾದರಿ ಕೊಟ್ಟರೆ, ವೆಬ್‌ಪಿ ಗೊತ್ತಿರುವ ಬ್ರೌಸರ್ ಅದನ್ನು ಆರಿಸಿಕೊಳ್ಳುತ್ತದೆ, ಗೊತ್ತಿಲ್ಲದ್ದು ಜೆಪಿಇಜಿ ತೋರಿಸುತ್ತದೆ. ಇಳಿಯುವುದು ಒಂದೇ, ಹಾಗಾಗಿ ನಿಮ್ಮ ಡೇಟಾ ಎರಡು ಸಲ ಖರ್ಚಾಗುವುದಿಲ್ಲ.

ಹಳೇ ದಾರಿ ಇಡಲು ಆಗುವುದೇ ಇಲ್ಲವೆಂದರೆ ಮಾತ್ರ ಕಾಯಬೇಕು.

ಇದರಿಂದ ನಮಗೆ ಕೆಲಸ ಹೆಚ್ಚು, ನಿಜ. ಪ್ರತಿ ಫೋಟೊಗೂ ಎರಡು ಪ್ರತಿ ಮಾಡಬೇಕು. ಆದರೆ ಆ ಕಷ್ಟ ಬರೆಯುವವರ ಮೇಲಿರಲಿ, ಓದುವವರ ಮೇಲೆ ಬೇಡ. ಹೊಸ ಫೋನ್ ತಗೊಳ್ಳಿ ಅಂತ ಹೇಳುವುದು ನಮ್ಮ ಕೆಲಸವಲ್ಲ.

ದರಪಟ್ಟಿಯನ್ನು ಈಗ ಚಿತ್ರವಾಗಿ ಹಾಕುತ್ತಿಲ್ಲ, ಅಕ್ಷರದಲ್ಲೇ ಕೊಡುತ್ತಿದ್ದೇವೆ. ಅಕ್ಷರ ಹಗುರ, ಹುಡುಕಿದರೆ ಸಿಗುತ್ತದೆ. ಕಣ್ಣು ಕಾಣದವರಿಗೆ ಓದಿ ಹೇಳುವ ಸೌಲಭ್ಯ ಇರುವ ಫೋನು ಅದನ್ನು ಓದಿಯೂ ಹೇಳುತ್ತದೆ. ಮೊದಲೇ ಹೀಗೆ ಮಾಡಬೇಕಿತ್ತು. ಒಂದು ಹಳೇ ಕೀಪ್ಯಾಡ್ ಫೋನನ್ನೂ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿಟ್ಟುಕೊಂಡಿದ್ದೇವೆ. ಏನೇ ಹಾಕಿದರೂ ಮೊದಲು ಅದರಲ್ಲಿ ತೆರೆದು ನೋಡುತ್ತೇವೆ.

ಆದರೂ ಎಲ್ಲಾದರೂ ಖಾಲಿ ಚೌಕ ಕಂಡರೆ ಸುಮ್ಮನಿರಬೇಡಿ, ಆ ಓದುಗರ ಹಾಗೆ ಒಂದು ಫೋನ್ ಮಾಡಿ. ಅವರು ಕೇಳದಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ.