ಕೈರುಚಿಗೆ ಜಾತಿ ಇರಲಿಲ್ಲ, ಆರ್ಡರಿಗೆ ಇತ್ತು



ನಮ್ಮ ಕೇರಿಯ ದೊಡ್ಡಪ್ಪ ತೀರಿಕೊಂಡು ಇವತ್ತಿಗೆ 11 ದಿನ. ತಮಟೆ ಕಟ್ಟುತ್ತಿದ್ದರು, ಅಡುಗೆ ಕಂಟ್ರಾಕ್ಟ್ ಮಾಡುತ್ತಿದ್ದರು. ಅವತ್ತಿನಿಂದ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಮಾತು: "ಅವರ ಕೈರುಚಿಗೆ ಜಾತಿ ಇರಲಿಲ್ಲ." ಹೀಗೆ ಬರೆದವರಲ್ಲಿ ಬಹಳ ಜನ ತಮ್ಮ ಮನೆಯ ಒಂದು ನಾಮಕರಣಕ್ಕೂ ಅವರಿಂದ ಅಡುಗೆ ಮಾಡಿಸಿದವರಲ್ಲ. ಅದಕ್ಕೇ ಈ ಪೋಸ್ಟು. ಉದ್ದ ಇದೆ, ಪೂರ್ತಿ ಓದಿ.

ದೊಡ್ಡಪ್ಪ ಚರ್ಮದ ಕೆಲಸ ಕಲಿತದ್ದು ಅವರಪ್ಪನಿಂದ. ಚರ್ಮ ನೆನೆಸಿ, ಕೂದಲು ತೆಗೆದು, ಬಳೆಗೆ ಎಳೆದು ಬಿಗಿದು ಒಣಗಿಸೋರು. ಆಮೇಲೆ ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ, ತಲೆ ಓರೆ ಮಾಡಿ ಕೇಳೋರು. ನಾದ ಸರಿ ಬರಲಿಲ್ಲ ಅಂದ್ರೆ ಗಿರಾಕಿ ಒಪ್ಪಿದರೂ ಅವರು ಕೊಡ್ತಿರಲಿಲ್ಲ.

1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಗಾಳಿ ನಮ್ಮೂರಿಗೂ ಬೀಸಿದಾಗ, "ಇನ್ಮೇಲೆ ಅವರ ಸಾವಿಗೆ ನಾನು ಬಡಿಯಲ್ಲ" ಅಂದುಬಿಟ್ಟರು. ಬಡಿಯೋದು ಬಿಟ್ಟರು, ಕಟ್ಟೋದು ಬಿಡಲಿಲ್ಲ. ನಮ್ಮ ತಾಲ್ಲೂಕಿನ ಜಾಥಾಗಳಲ್ಲಿ ಮೊಳಗಿದ ಎಷ್ಟೋ ತಮಟೆಗಳು ಅವರ ಕೈಯಿಂದ ಬಂದವು.

ಬಡಿಯಲ್ಲ ಅಂದ ತಕ್ಷಣ ಹೊಲದ ಕೂಲಿಗೂ ಕರೆಯೋದು ನಿಂತಿತು. ಪೇಟೆಯ ಒಂದು ಮಿಲಿಟರಿ ಹೋಟೆಲಿನಲ್ಲಿ ಪಾತ್ರೆ ತೊಳೆಯೋಕೆ ಸೇರಿದರು. ತೊಳೀತಾ ತೊಳೀತಾ ಒಲೆ ಹತ್ತಿರ ಹೋದರು. ಕೆಲವೇ ವರ್ಷಕ್ಕೆ ಸ್ವಂತ ಹಂಡೆ, ಕೊಳಗ, ಸೌಟು ಮಾಡಿಕೊಂಡರು. ಕಾಗದ ಪೆನ್ನು ಬೇಡ, ಲೆಕ್ಕ ಎಲ್ಲ ಬಾಯಲ್ಲೇ. "100 ಜನಕ್ಕೆ 10 ಕೆಜಿ ಅಕ್ಕಿ ಸಾಕು. ಆದ್ರೆ ನಮ್ಮೋರು ಕೂಲಿ ಮುಗಿಸಿ ಬರೋರು, 15 ಹಾಕು" ಅನ್ನೋರು.

ನಮ್ಮ ಮದುವೆಗಳು, ಬೀಗರೂಟ, ಏಪ್ರಿಲ್ 14, ಎಲ್ಲಕ್ಕೂ ಅವರದೇ ಅಡುಗೆ. ಎಲೆಕ್ಷನ್ ಬಂದರೆ ತೋಟದ ಮನೆಗಳಲ್ಲಿ ಬಾಡೂಟ. ಅಲ್ಲೂ ಅವರೇ. ರಾತ್ರಿ ಆ ಸಾರು ಚಪ್ಪರಿಸಿ ಉಂಡೋರು ಯಾರೂ ಬಾಣಸಿಗನ ಜಾತಿ ಕೇಳಲಿಲ್ಲ. ಅದೇ ಜನ ಮಗಳ ಮದುವೆಗೆ ಮಾತ್ರ "ಬೇರೆಯವರಿಗೆ ಹೇಳ್ಬಿಟ್ಟಿದ್ದೀವಿ ಕಣಪ್ಪ" ಅಂದರು.

ಈಗ ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ನಾನು ಆಫೀಸಿನಲ್ಲಿ ಗುಮಾಸ್ತ. ಗೃಹಪ್ರವೇಶ ಮಾಡಿದಾಗ ಸಹೋದ್ಯೋಗಿಗಳೆಲ್ಲ ಬರ್ತಾರೆ, ಊಟ ಮಾಡದೆ ಎದ್ದು ಹೋದರೆ ಏನು ಗತಿ ಅಂತ ಹೆದರಿ ಪೇಟೆಯ ಭಟ್ಟರ ಕಡೆಯವರಿಗೆ ಅಡುಗೆ ಕೊಟ್ಟೆ. ವೇದಿಕೆ ಮೇಲೆ ಸಹಪಂಕ್ತಿ ಬಗ್ಗೆ ಭಾಷಣ ಮಾಡೋ ನಾನು! ದೊಡ್ಡಪ್ಪ ಬಂದರು, ಪಂಕ್ತಿಯಲ್ಲಿ ಕೂತು ಉಂಡರು. ಕೈ ತೊಳೆದು ಬಂದು, "ಸಾರಿಗೆ ಉಪ್ಪು ಒಂಚೂರು ಕಮ್ಮಿ ಆಯ್ತು ಕಣೋ ಮಗ" ಅಂದರು. ಅಷ್ಟೇ. ಬೈದಿದ್ದರೆ ಇಷ್ಟು ನೋಯ್ತಿರಲಿಲ್ಲ.

ಇದು ನಮ್ಮೂರೊಂದರ ಕತೆಯಲ್ಲ. ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿತು. 2021ರ ಡಿಸೆಂಬರಿನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಶಾಲೆಯೊಂದರಲ್ಲಿ ದಲಿತ ಹೆಣ್ಣುಮಗಳು ಬೇಯಿಸಿದ ಊಟವನ್ನು ಮೇಲ್ಜಾತಿಯ ಮಕ್ಕಳು ಮುಟ್ಟಲಿಲ್ಲ. ಮೊದಲು ಕೆಲಸ ಹೋದದ್ದು ಆಕೆಯದು.

ಸಂವಿಧಾನದ 17ನೇ ವಿಧಿ ಇದೆ. 2015ರ ತಿದ್ದುಪಡಿಯಲ್ಲಿ ದೌರ್ಜನ್ಯ ತಡೆ ಕಾಯ್ದೆಗೆ ಆರ್ಥಿಕ ಬಹಿಷ್ಕಾರವೂ ಸೇರಿದೆ. ಆದರೆ "ಬೇರೆಯವರಿಗೆ ಹೇಳ್ಬಿಟ್ಟಿದ್ದೀವಿ" ಅನ್ನೋ ನಯವಾದ ಮಾತಿನ ಮೇಲೆ ಯಾವ ಠಾಣೆಯಲ್ಲಿ ಎಫ್‌ಐಆರ್ ಹಾಕಿಸೋದು? ಜಾತಿ ಅಂದರೆ ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಇಡೋದು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿದ್ದರು. ಒಬ್ಬನೇ ಮನುಷ್ಯ ಎರಡು ಕಸುಬಲ್ಲಿ ನಿಪುಣ. ಊರು ಒಂದನ್ನು ಸಾವಿಗೆ ಮಾತ್ರ ಕರೆಯಿತು, ಇನ್ನೊಂದನ್ನು ಕತ್ತಲಲ್ಲಿ ಮಾತ್ರ ಉಂಡಿತು.

ಅವರ ಹೆಸರು ಯಾಕೆ ಬರೆದಿಲ್ಲ ಅಂತ ಕೇಳ್ತೀರಿ. ಮಗನೂ ಅದೇ ಕಸುಬು ಮಾಡ್ತಿದ್ದಾನೆ. "ಅಣ್ಣಾ, ಪಕ್ಕದ ತಾಲ್ಲೂಕಲ್ಲಿ 4 ಆರ್ಡರ್ ಸಿಕ್ಕಿದೆ. ನಾವು ಯಾರು ಅಂತ ಅವರಿಗೆ ಗೊತ್ತಿಲ್ಲ. ಅಪ್ಪನ ಹೆಸರು ಹಾಕಿ ಬರೀಬೇಡ" ಅಂದ. ಅಪ್ಪನ ಹೆಸರು ಹೇಳಿದರೆ ಮಗನ ಒಲೆ ಆರುತ್ತೆ. ಕೈರುಚಿಗೆ ಜಾತಿ ಇಲ್ಲ ಅಂದವರೇ, ಇದಕ್ಕೆ ಉತ್ತರ ಕೊಡಿ.

ಅವರು ಕೊಡದಿದ್ದರೆ ಬಿಡಿ, ನಾವು ಕೊಡೋಣ. ನೌಕರಿ ಹಿಡಿದು ಲೇಔಟುಗಳಲ್ಲಿ ಮನೆ ಕಟ್ಟಿದ ನಮ್ಮೋರೇ, ನಿಮ್ಮ ಗೃಹಪ್ರವೇಶ, ಮದುವೆ, ನಿವೃತ್ತಿ ಊಟ ನಮ್ಮ ಅಡುಗೆಯವರಿಗೇ ಕೊಡಿ. ಚೌಕಾಸಿ ಮಾಡಬೇಡಿ. ಉಣ್ಣದೆ ಹೋಗೋರು ಹೋಗಲಿ, ಯಾರು ಏನು ಅಂತ ಗೊತ್ತಾಗುತ್ತೆ. ಆ ಹುಡುಗ ತಾನಾಗಿಯೇ ಬಂದು "ಅಣ್ಣಾ, ಈಗ ಅಪ್ಪನ ಹೆಸರು ಬರಿ" ಅನ್ನೋವಷ್ಟು ಆರ್ಡರ್ ನಮ್ಮಿಂದಲೇ ಹೋಗಲಿ.

ನನ್ನ ಮಗಳ ಆರತಿ ಇದೇ ವರ್ಷ. ಅಡುಗೆ ಅವನದೇ. ಅಡ್ವಾನ್ಸ್ ಕೊಟ್ಟಾಗಿದೆ. ನನ್ನ ಆಫೀಸಿನವರಿಗೂ ಆಹ್ವಾನ ಇದೆ.

ದೊಡ್ಡಪ್ಪಾ, ಈ ಸಲ ಉಪ್ಪು ಸರಿ ಇರುತ್ತೆ.

ಜೈ ಭೀಮ್.