ಸೇತುವೆಯ ನಾಡಿ ಹಿಡಿದ ಕಾಲು ಶತಮಾನ

ಸೇತುವೆ ತಪಾಸಣೆಯವರು ರಿವೆಟ್ಟಿನ ತಲೆಯ ಒಂದು ಬದಿಗೆ ಬೆರಳಿಟ್ಟು, ಇನ್ನೊಂದು ಬದಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಸಡಿಲಾಗಿದ್ದರೆ ಬೆರಳಿಗೆ ಅದುರು ತಿಳಿಯುತ್ತಿತ್ತು. ಉಕ್ಕಿನ ಸೇತುವೆಗಳ ಆರೋಗ್ಯ ಬಹುಕಾಲ ನಿಂತಿದ್ದು ಇಂಥ ಕೈಗಳ ಮೇಲೆ. ಕಣ್ಣಿಗೆ ಕಾಣದ್ದನ್ನು ಯಂತ್ರ ಹೇಳಲಿ ಎಂಬ ಆಸೆ ಹಳೆಯದೇ. ಆದರೆ ಪ್ರತಿ ಸೆನ್ಸರಿಗೂ ಉದ್ದುದ್ದ ಕೇಬಲ್ ಎಳೆಯಬೇಕಾದ ಖರ್ಚು ಆ ಆಸೆಯನ್ನು ಕಟ್ಟಿಹಾಕಿತ್ತು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರಾದ ಸ್ಟ್ರೇಸರ್ ಮತ್ತು ಕಿರೆಮಿಡ್ಜಿಯನ್ ಆ ಕೇಬಲ್ಲನ್ನೇ ಕೈಬಿಟ್ಟು ರೇಡಿಯೊ ಬಳಸುವ ದಾರಿ ತೋರಿಸಿದಾಗ, ಇನ್ನು ಪ್ರತಿ ಸೇತುವೆಗೂ ನಾಡಿ ನೋಡುವವರು ಸಿಕ್ಕರು ಎಂದೇ ಹಲವರು ನಂಬಿದರು.

ಈ ಸೆನ್ಸರುಗಳನ್ನು ಸೇತುವೆಯಲ್ಲಿ ಎಲ್ಲಿ ಇಡಬೇಕು ಎಂಬುದೇ ಮುಂದಿನ ವರ್ಷಗಳ ದೊಡ್ಡ ಪ್ರಶ್ನೆಯಾಯಿತು. ಸೇತುವೆ ಒಂದೇ ಬಗೆಯಲ್ಲಿ ಅಲುಗುವುದಿಲ್ಲ. ಎರಡು ತುದಿಗೆ ಆತುಕೊಂಡ ತೊಲೆಯ ಮೊದಲ ಕಂಪನದಲ್ಲಿ ನಟ್ಟನಡುವೆ ಅತಿ ಹೆಚ್ಚು ತೂಗಾಟ; ಎರಡನೆಯದರಲ್ಲಿ ಅದೇ ನಡು ನಿಶ್ಚಲ. ನಡುವೆ ಮಾತ್ರ ಸೆನ್ಸರ್ ಇಟ್ಟವನಿಗೆ ಎರಡನೆಯ ಕಂಪನ ಇರುವುದೇ ಗೊತ್ತಾಗದು. ಬಾಹ್ಯಾಕಾಶದ ದೊಡ್ಡ ರಚನೆಗಳಿಗಾಗಿ ಡೇನಿಯಲ್ ಕ್ಯಾಮರ್ 1991ರಲ್ಲಿ ಕೊಟ್ಟ, ಸೆನ್ಸರಿನ ಜಾಗ ಆರಿಸುವ ಲೆಕ್ಕಾಚಾರ ಇಲ್ಲಿ ನೆರವಿಗೆ ಬಂತು. ಆದರೆ ನಿಸ್ತಂತು ಜಾಲಕ್ಕೆ ಇನ್ನೊಂದು ಹಟವಿದೆ: ಒಂದರ ದನಿ ಪಕ್ಕದ್ದಕ್ಕೆ ಕೇಳಿಸಬೇಕು, ಮಾಹಿತಿ ಕೈಯಿಂದ ಕೈಗೆ ದಾಟಬೇಕು. 2006ರಲ್ಲಿ ಬರ್ಕ್ಲಿಯ ತಂಡ ಗೋಲ್ಡನ್ ಗೇಟ್ ಸೇತುವೆಯ ಮೇಲೆ 64 ಸೆನ್ಸರ್ ಘಟಕಗಳನ್ನು ಕೂರಿಸಿದಾಗ, ದೂರದ ತುದಿಯ ಸುದ್ದಿ 46 ನೆಗೆತಗಳಲ್ಲಿ ದಡ ಸೇರಿತು. ಆ ಕೊನೆಯ ತುದಿಯಿಂದ ಸೆಕೆಂಡಿಗೆ ದಕ್ಕಿದ್ದು 441 ಬೈಟ್ ಮಾತ್ರ. ಆದರೂ ಅದು ನಿಜವಾದ ಗೆಲುವು. ಕೊರಿಯಾದ ಜಿಂದೊ ಸೇತುವೆಯಲ್ಲಿ 2009ರಲ್ಲಿ 70 ಘಟಕಗಳು, ಮರುವರ್ಷ 113.

ನಮ್ಮವರೂ ಹಿಂದೆ ಬೀಳಲಿಲ್ಲ. ರೈಲು ಹತ್ತಿರ ಬಂದಾಗಷ್ಟೇ ಎಚ್ಚರಗೊಂಡು, ಕಂಪನ ಅಳೆದು, ಆ ದಾರಿಯಲ್ಲಿ ಸಾಗುವ ರೈಲಿನ ಕೈಗೇ ಮಾಹಿತಿ ಒಪ್ಪಿಸುವ ‘ಬ್ರಿಮಾನ್’ ವ್ಯವಸ್ಥೆಯನ್ನು ಕಾನ್ಪುರದ ಐಐಟಿಯಲ್ಲಿ ರೂಪಿಸಿ 2008ರಲ್ಲಿ ಪ್ರಕಟಿಸಿದರು. ಬ್ಯಾಟರಿಯನ್ನು ಹನಿಹನಿಯಾಗಿ ಉಳಿಸುವ ಈ ಜಾಣತನ ಬಡದೇಶದ ಅಗತ್ಯದಿಂದಲೇ ಹುಟ್ಟಿದ್ದು. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲವೆಂದೇ ನಮ್ಮ ಭಾವನೆ.

ಇಷ್ಟಾದರೂ ಸೆನ್ಸರುಗಳು ಹೆಚ್ಚಾಗಿ ಏರಿದ್ದು ಹೆಸರುವಾಸಿ ಸೇತುವೆಗಳನ್ನು, ಇಲ್ಲವೇ ಸಾವಿನ ನಂತರ ಎದ್ದ ಹೊಸ ಸೇತುವೆಗಳನ್ನು. 2007ರ ಆಗಸ್ಟ್ 1ರಂದು ಮಿನಿಯಾಪೊಲಿಸ್‌ನಲ್ಲಿ ಹೆದ್ದಾರಿ ಸೇತುವೆ ಕುಸಿದು 13 ಮಂದಿ ಸತ್ತರು. ಮರುವರ್ಷ ಅದೇ ಜಾಗದಲ್ಲಿ ಎದ್ದ ಸೇತುವೆಗೆ 300ಕ್ಕೂ ಹೆಚ್ಚು ಸೆನ್ಸರ್. ಹಳೆಯದರ ತೊಲೆಗಳನ್ನು ಬೆಸೆಯುವ ಗಸೆಟ್ ಫಲಕಗಳು ವಿನ್ಯಾಸದಲ್ಲೇ ತೆಳುವಾಗಿದ್ದವು ಎಂಬುದನ್ನೂ ಮರೆಯಬಾರದು: ನಕ್ಷೆಯ ತಪ್ಪನ್ನು ಸೆನ್ಸರ್ ತಿದ್ದಲಾರದು. ಇತ್ತ ನಮ್ಮಲ್ಲಿ, 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಲಾರಿಯೊಂದು ಹೊಳೆಗೆ ಉರುಳಿತು, ಚಾಲಕ ಬದುಕುಳಿದ. ಅಷ್ಟು ಹೊತ್ತಿಗೂ ಸೇತುವೆಯ ಮೇಲೆ ಸಂಚಾರ ನಿಂತಿರಲಿಲ್ಲ.

ಸೇತುವೆಯ ಯಾವ ಬಿಂದುವಿನಲ್ಲಿ ಸೆನ್ಸರ್ ಇಡಬೇಕೆಂದು ನಾವೀಗ ಬಲ್ಲೆವು. ಯಾವ ಸೇತುವೆಗೆ ಮೊದಲು ಎಂಬ ಪ್ರಶ್ನೆಗೆ ಉತ್ತರ ಬಾಕಿ ಉಳಿದಿದೆ. ಮುಂದಿನ ಮಳೆಗಾಲಕ್ಕೆ ಮುನ್ನ ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರಗಳು ಹಳೆಯ ಸೇತುವೆಗಳ ಪಟ್ಟಿಯನ್ನು ಅಪಾಯದ ಕ್ರಮದಲ್ಲಿ ಜನರ ಮುಂದಿಡಲಿ. ಸೆನ್ಸರ್ ಕೂರಿಸುವ ಕೆಲಸ ಆ ಪಟ್ಟಿಯ ಮೊದಲ ಸಾಲಿನಿಂದ ಶುರುವಾಗಲಿ.